ಎಲ್ಲರೂ ಕಾಯತಕ್ಕದ್ದು

ಬೀಗದ ಕಾರ್ಖಾನೆಯ ಕ್ರೀಡಾ ಸಮಿತಿಯ ಅಧ್ಯಕ್ಷರ ದಿವ್ಯ ಗಮನಕ್ಕೆ,

ಮಾನ್ಯರೇ,

ಮುಖ್ಯ ಗೇಟಿನ ಕಾವಲುಗಾರ್ತಿಯ ಗೌರವಪೂರ್ವಕ ವಂದನೆಗಳು. ತಾವು, ತಮ್ಮ ಮನೆಯವರು, ತಮ್ಮ ಭಾವಮೈದುನರೂ ನಮ್ಮ ಮಹಿಳಾ ಹಾಕಿ ತಂಡದ ತರಬೇತುದಾರರೂ ಆದ ಮಹನೀಯರು, ಹಾಗೂ ತಮ್ಮ ಕೋಣೆಯ ಗಾಜಿನ ಬೀರುವಿನಲ್ಲಿ ಇಪ್ಪತ್ತಮೂರು ವರ್ಷಗಳಿಂದ ಒಬ್ಬಂಟಿಯಾಗಿ ನಿಂತಿರುವ ಆ ಟ್ರೋಫಿ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಲಕೋಟೆಗೆ ಹಾಕಿ ತಮ್ಮ ಮೇಜಿಗೆ ಕಳುಹಿಸುವುದೇ ಮರ್ಯಾದೆಯಾಗಿತ್ತು. ಆದರೆ ಹಿಂದೆ ಹಾಗೆ ಕಳುಹಿಸಿದ ನನ್ನ ಮೂರು ಪತ್ರಗಳು ಮಡಿಸಿಕೊಂಡು ತಮ್ಮ ಮೇಜಿನ ಕಾಲು ಅಲುಗಾಡದಂತೆ ನೋಡಿಕೊಳ್ಳುವ ಸೇವೆಯಲ್ಲಿವೆ ಎಂದು ತಮ್ಮ ಕೋಣೆ ಗುಡಿಸುವ ಆಯಾ ತಿಳಿಸಿದ್ದರಿಂದ, ಮೇಜಿಗೆ ನಾಲ್ಕನೆಯ ಕಾಲೂ ಒಂದಿರುವುದನ್ನು ಮನಗಂಡು, ಇದನ್ನು ಕ್ಯಾಂಟೀನಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ. ತಾವು ಅಲ್ಲಿಗೆ ಊಟಕ್ಕೆ ಬರುವುದಿಲ್ಲ ನಿಜ. ಆದರೆ ಓದಿದವರು ತಮ್ಮ ಕಿವಿಗೆ ಹಾಕುತ್ತಾರೆ. ನಮ್ಮಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗುವ ವೇಗದಲ್ಲಿ ಚೆಂಡು ಕೋಲಿನಿಂದ ಕೋಲಿಗೆ ಹೋಗಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ನನ್ನ ನೆನಪು ತಮಗೆ ಇರಲಾರದು, ಆದ್ದರಿಂದ ಹೇಳುತ್ತೇನೆ. ನಾನು ಒಂಬತ್ತು ವರ್ಷ ಈ ತಂಡದ ಗೋಲ್‌ಕೀಪರ್ ಆಗಿದ್ದವಳು. ಈ ಋತುವಿನ ಹದಿನಾರು ಪಂದ್ಯಗಳಲ್ಲಿ ಮೊದಲ ಹನ್ನೊಂದನ್ನೂ ಸೋತು, ನಲವತ್ತೇಳು ಗೋಲುಗಳನ್ನು ಒಳಗೆ ಬಿಟ್ಟುಕೊಂಡು, ತಮ್ಮ ಭಾಷೆಯಲ್ಲಿ ಹೇಳುವುದಾದರೆ "ಸಂಸ್ಥೆಯ ಘನತೆಗೆ ತೂತು ಕೊರೆದ"ವಳು. ನನ್ನನ್ನು ತಂಡದಿಂದ ಇಳಿಸಿದ ಆದೇಶದಲ್ಲಿಯೇ, ಕಾಯುವ ಕೆಲಸದಲ್ಲಿ ಇವರಿಗೆ ದೀರ್ಘ ಅನುಭವವಿರುವುದರಿಂದ ಗೇಟಿಗೆ ನೇಮಿಸಲಾಗಿದೆ ಎಂದು ಬರೆದ ತಮ್ಮ ಹಾಸ್ಯಪ್ರಜ್ಞೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಅದು ಹಾಸ್ಯವಲ್ಲ, ತಾವು ನಿಜವಾಗಿಯೂ ಹಾಗೆಯೇ ಯೋಚಿಸಿದಿರಿ ಎಂದು ಆಮೇಲೆ ತಿಳಿದಾಗ ಇನ್ನೂ ಆಳವಾಗಿ ಬಾಗಿದೆ. ಹೊಸ ಕೆಲಸ ಚೆನ್ನಾಗಿದೆ. ಇಲ್ಲಿ ಒಳಗೆ ಬರುವವರು ಮೊದಲು ನಿಲ್ಲುತ್ತಾರೆ, ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಾರೆ, ಯಾರನ್ನು ನೋಡಬೇಕೆಂದು ಹೇಳುತ್ತಾರೆ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಚೆಂಡು ನನಗೆ ಈ ಸೌಜನ್ಯ ತೋರಿಸಿರಲಿಲ್ಲ.

ಗೇಟಿನ ನನ್ನ ಕುರ್ಚಿಯಿಂದ, ಸರಕು ಲಾರಿ ಅಡ್ಡ ನಿಲ್ಲದಿದ್ದರೆ, ಮೈದಾನದ ಒಂದು ಬದಿಯ ಗೋಲು ಪೂರ್ತಿಯಾಗಿ ಕಾಣುತ್ತದೆ. ನಮ್ಮ ತಂಡ ಆ ಬದಿಗಿದ್ದಾಗ ಇಡೀ ಪಂದ್ಯ ನನ್ನ ಕಣ್ಣ ಮುಂದೆಯೇ ನಡೆಯುತ್ತದೆ, ಇಪ್ಪತ್ತೆರಡು ಮಂದಿಯಲ್ಲಿ ಹದಿನೈದು ಮಂದಿಯಾದರೂ ಅಲ್ಲಿಯೇ ಇರುತ್ತಾರೆ. ಅರ್ಧ ಆಟ ಮುಗಿದು ಬದಿ ಬದಲಾದ ಮೇಲೆ ನನಗೆ ಆಟವೇ ಕಾಣುವುದಿಲ್ಲ. ಎದುರಾಳಿ ತಂಡದ ಗೋಲ್‌ಕೀಪರ್ ಹೆಲ್ಮೆಟ್ ತೆಗೆದು ನೆಲಕ್ಕಿಟ್ಟು ನಿಧಾನವಾಗಿ ಜಡೆ ಹೆಣೆದುಕೊಳ್ಳುವುದಷ್ಟೇ ಕಾಣುತ್ತದೆ. ಕಳೆದ ತಿಂಗಳು ಒಬ್ಬಾಕೆ ಎರಡು ಜಡೆ ಹಾಕಿ ಮುಗಿಸಿ, ಸಮಯ ಉಳಿದದ್ದರಿಂದ ಬಿಚ್ಚಿ ಮತ್ತೆ ಒಂದು ಮಾಡಿಕೊಂಡಳು.

ಇನ್ನು ವಿಷಯಕ್ಕೆ ಬರುತ್ತೇನೆ. ಸೋಲುತ್ತಿರುವ ತಂಡವನ್ನು ಒಬ್ಬ ಹೊಸ ಗೋಲ್‌ಕೀಪರ್ ಮೇಲೆತ್ತಬಲ್ಲಳೇ ಎಂಬ ಪ್ರಶ್ನೆಯನ್ನು ಸಮಿತಿಯ ಹನ್ನೊಂದು ಸದಸ್ಯರು ಎರಡು ಸಭೆಗಳಲ್ಲಿ ಚರ್ಚಿಸಿ, ಬಲ್ಲಳು ಎಂದು ಒಮ್ಮತದಿಂದ ತೀರ್ಮಾನಿಸಿದ್ದು ನಮ್ಮ ಸಂಸ್ಥೆಯ ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ. ಉಳಿದ ಹತ್ತು ಮಂದಿ ಆಟಗಾರ್ತಿಯರು ಏನು ಮಾಡಬಲ್ಲರು ಎಂಬ ಪ್ರಶ್ನೆಯನ್ನು ಕೇಳದೆ ಇದ್ದದ್ದು ಅವರ ಮೇಲೆ ತಮಗಿರುವ ಗೌರವವನ್ನು ತೋರಿಸುತ್ತದೆ. ಯಾರನ್ನೂ ನೋಯಿಸದ ಸ್ವಭಾವ ತಮ್ಮದು. ಗೋಲಿನ ಮುಂದೆ ನಿಂತು ಚೆಂಡು ತಡೆಯಬೇಕಾದ ನಮ್ಮ ಇಬ್ಬರು ಫುಲ್‌ಬ್ಯಾಕ್‌ಗಳನ್ನೇ ತೆಗೆದುಕೊಳ್ಳಿ. ಪಾಲಿಷ್ ವಿಭಾಗದವಳನ್ನು ಎಡಗಂಬವೆಂದೂ ಪ್ಯಾಕಿಂಗ್ ವಿಭಾಗದವಳನ್ನು ಬಲಗಂಬವೆಂದೂ ಇಡೀ ಕಾರ್ಖಾನೆ ಕರೆಯುತ್ತದೆ. ಗೋಲಿಗೆ ಎಲ್ಲ ಊರುಗಳಲ್ಲೂ ಎರಡು ಕಂಬಗಳಿದ್ದರೆ ನಮ್ಮಲ್ಲಿ ನಾಲ್ಕಿವೆ. ವ್ಯತ್ಯಾಸವೆಂದರೆ, ಮರದ ಕಂಬಗಳಿಗೆ ಆಗಾಗ ಚೆಂಡು ತಾಗಿ ವಾಪಸು ಹೋಗುವುದುಂಟು.

ಹೊಸಬಳನ್ನು ತಾವು ಬೇರೆ ಊರಿನಿಂದ ಕರೆತಂದಿರಿ. ಅವಳು ಅಲ್ಲೊಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕಾಯಂ ಕೆಲಸ ಬಿಟ್ಟು ಬಂದವಳು. ಆ ಜಾಗಕ್ಕೆ ಈಗಾಗಲೇ ಬೇರೊಬ್ಬರು ಬಂದು ಕೂತಾಗಿದೆ, ಹಿಂದಿರುಗುವ ದಾರಿ ಮುಚ್ಚಿದೆ. ಇಲ್ಲಿ ಕೀಲಿ ಕೊರೆಯುವ ವಿಭಾಗದಲ್ಲಿ ಅವಳಿಗೆ ಕೆಲಸ ಕೊಟ್ಟ ಪತ್ರದ ಕೊನೆಯ ಸಾಲನ್ನು ಅವಳು ನನಗೆ ತೋರಿಸಿದಳು: ಋತುವಿನ ಕೊನೆಗೆ ತಂಡವು ಕಡೆಯ ಸ್ಥಾನದಿಂದ ಮೇಲೇರದಿದ್ದಲ್ಲಿ ಸೇವೆ ತಂತಾನೇ ಮುಗಿದಂತೆ ಭಾವಿಸತಕ್ಕದ್ದು. ಅಂದರೆ ಹನ್ನೊಂದು ಜನ ಆಡಿ, ಒಬ್ಬಳು ಕೆಲಸ ಕಳೆದುಕೊಳ್ಳುವ ಏರ್ಪಾಡು. ಇಷ್ಟು ಅಚ್ಚುಕಟ್ಟಾದ ಬೀಗವನ್ನು ನಮ್ಮ ಕಾರ್ಖಾನೆಯ ಯಾವ ವಿಭಾಗವೂ ಇದುವರೆಗೆ ತಯಾರಿಸಿಲ್ಲ.

ಅವಳ ಸ್ವಾಗತ ಸಮಾರಂಭ ಭರ್ಜರಿಯಾಗಿತ್ತು. ಮೈದಾನದ ಬೇಲಿಗೆ ಕಟ್ಟಿದ ಬಟ್ಟೆಯ ಮೇಲೆ ಇಟ್ಟಿಗೆ ಗೋಡೆಯೊಂದನ್ನು ಬರೆಸಿ, ಗೋಡೆಗೆ ಕೈಕಾಲು ಹಚ್ಚಿ, ಹೆಲ್ಮೆಟ್ ತೊಡಿಸಿದ್ದಿರಿ. ಮೈಕಿನಲ್ಲಿ ತಾವು, "ಇನ್ಮೇಲೆ ನಮ್ಮ ಗೋಲಿಗೆ ಒಂದು ನೊಣಾನೂ ಒಳಗೆ ಬರೋದಿಲ್ಲ, ನೀವೆಲ್ಲ ನಿಶ್ಚಿಂತೆಯಾಗಿರಿ" ಅಂದಿರಿ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಎಡಗಂಬ ಮತ್ತು ಬಲಗಂಬ. ತಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರೂ ಅವರೇ, ಅಂದಿನಿಂದ ನಿಶ್ಚಿಂತೆಯಾಗಿದ್ದಾರೆ.

ಮೊದಲ ಪಂದ್ಯದಲ್ಲಿ ಅವಳ ಮೇಲೆ ಇಪ್ಪತ್ತಾರು ಹೊಡೆತಗಳು ಬಂದವು. ಬದಿ ಬದಲಾದ ಮೇಲೆ ಬೇಲಿಯ ಬಳಿಗೇ ಹೋಗಿ ನಿಂತು, ನಾನು ಗೇಟಿನ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಒಂದೊಂದಕ್ಕೂ ಗೀಟು ಎಳೆದಿದ್ದೇನೆ, ಬೇಕಾದರೆ ಬಂದು ನೋಡಬಹುದು. ಒಬ್ಬಳೇ ಇಪ್ಪತ್ತೊಂದನ್ನು ತಡೆದಳು. ಕಾಲಲ್ಲಿ ಒದ್ದಳು, ಮೈ ಅಡ್ಡ ಹಾಕಿದಳು, ಒಂದನ್ನು ಬಿದ್ದಲ್ಲಿಂದಲೇ ಮೊಣಕೈಯಲ್ಲಿ ತಳ್ಳಿದಳು. ಅಂಥ ಗೋಲ್‌ಕೀಪರನ್ನು ನಾನು ನೋಡಿಲ್ಲ, ನಾನಂತೂ ಅಂಥವಳಾಗಿರಲಿಲ್ಲ. ಮರುದಿನ ತಮ್ಮ ವರದಿ ಇದೇ ಬೋರ್ಡಿನ ಮೇಲೆ ಬಂತು. ಅದರಲ್ಲಿ ಇದ್ದದ್ದು ಒಂದೇ ವಾಕ್ಯ: ಹೊಸ ಗೋಲ್‌ಕೀಪರ್ ಐದು ಗೋಲು ಬಿಟ್ಟರು.

ನಂತರದ ಎರಡು ಪಂದ್ಯಗಳಲ್ಲಿ ನಾಲ್ಕು, ಮತ್ತೆ ನಾಲ್ಕು. ನಡುವೆ ಎಡಗಂಬ ತಮಗೊಂದು ದೂರು ಕೊಟ್ಟಳು, ಆಟದ ವೇಳೆಯಲ್ಲಿ ಹೊಸಬಳು ಹಿಂದಿನಿಂದ ಕಿರುಚಿ ತನ್ನ ಏಕಾಗ್ರತೆ ಕೆಡಿಸುತ್ತಾಳೆ, ಹಿರಿಯರೆಂಬ ಭಯಭಕ್ತಿ ಇಲ್ಲ ಎಂದು. ಅವಳು ಕಿರುಚಿದ್ದು "ಎಡಗಡೆ ಬನ್ನಿ ಅಕ್ಕಾ" ಎಂದು. ಅಕ್ಕ ಎಂದೇ ಕರೆದಿದ್ದಾಳೆ, ಬನ್ನಿ ಎಂದೇ ಅಂದಿದ್ದಾಳೆ, ಇದಕ್ಕಿಂತ ಹೆಚ್ಚಿನ ಭಯಭಕ್ತಿಗೆ ಚೆಂಡು ಸಮಯ ಕೊಡುವುದಿಲ್ಲ. ಆದರೂ ನ್ಯಾಯನಿಷ್ಠರಾದ ತಾವು ಅವಳಿಗೆ ಕಾರಣ ಕೇಳಿ ನೋಟಿಸ್ ಕಳುಹಿಸಿದಿರಿ. ಕಿರುಚಲು ಕಾರಣವೇನು, ಮೂರು ದಿನದೊಳಗೆ ಲಿಖಿತ ಉತ್ತರ ಕೊಡಿ. ಅವಳು ಕೊಟ್ಟ ಉತ್ತರ ಎರಡು ಪದಗಳದ್ದು: "ಚೆಂಡು ಬರುತ್ತಿತ್ತು." ಈ ಉತ್ತರ ತೃಪ್ತಿಕರವಾಗಿಲ್ಲ ಎಂದು ಅದರ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದವರು ಯಾರೆಂದು ನಾನು ಕೇಳುವುದಿಲ್ಲ, ಅಕ್ಷರ ದುಂಡಗಿತ್ತು.

ಇಷ್ಟಾದರೂ ತಂಡ ಈ ಋತುವಿನಲ್ಲಿ ಎಲ್ಲ ಪಂದ್ಯಗಳನ್ನೂ ಸೋತಿಲ್ಲವೆಂಬುದನ್ನು ನಾನು ಪ್ರಾಮಾಣಿಕವಾಗಿ ದಾಖಲಿಸಬೇಕು. ನನ್ನನ್ನು ಇಳಿಸಿದ ಮೇಲೆ, ಅವಳು ಬಂದು ಸೇರುವ ಮೊದಲು, ನಡುವೆ ಒಂದು ಭಾನುವಾರವಿತ್ತು. ಆ ಪಂದ್ಯವನ್ನು ಮುಂದೂಡುವಂತೆ ಸಮಿತಿಯು ಸಂಘಟಕರಿಗೆ ಪತ್ರ ಬರೆಯಬೇಕಿತ್ತು, ಬರೆಯುವುದನ್ನು ಮರೆತಿತ್ತು. ಆದರೆ ನಮಗೆ ಸುತ್ತೋಲೆ ಕಳುಹಿಸುವುದನ್ನು ಮರೆಯಲಿಲ್ಲ. "ಹೊಸ ಗೋಲ್‌ಕೀಪರ್ ಬಂದು ಸೇರುವವರೆಗೆ ತಂಡದ ಸದಸ್ಯರೆಲ್ಲರೂ ಕಾಯತಕ್ಕದ್ದು." ತಾವು ಬರೆದದ್ದು ಸುಮ್ಮನೆ ಕಾದಿರಿ, ಆತುರಪಡಬೇಡಿ ಎಂಬ ಅರ್ಥದಲ್ಲಿ. ಆದರೆ ನಮ್ಮ ಭಾಷೆಯಲ್ಲಿ ಬಸ್ಸಿಗೂ ಕಾಯುತ್ತಾರೆ, ಹೊಲವನ್ನೂ ಕಾಯುತ್ತಾರೆ, ಮತ್ತು ಇದು ಸುತ್ತೋಲೆಯನ್ನು ತಪ್ಪದೆ ಪಾಲಿಸುವ ಕಾರ್ಖಾನೆ. ಭಾನುವಾರ ಬೆಳಿಗ್ಗೆ ಎದುರಾಳಿಗಳು ಬಸ್ಸಿನಿಂದ ಇಳಿದಾಗ ನಮ್ಮವರು ಬೋರ್ಡಿನ ಮುಂದೆ ಗುಂಪುಗೂಡಿದ್ದರು. "ಎಲ್ಲರೂ ಕಾಯಬೇಕಂತೆ ಕಣೇ" ಅಂದಳು ಒಬ್ಬಳು. "ಏನನ್ನ?" ಅಂದಳು ಇನ್ನೊಬ್ಬಳು. "ಗೋಲನ್ನೇ ಇರಬೇಕು, ಗೋಲ್‌ಕೀಪರ್ ಇಲ್ವಲ್ಲ" ಅಂದಳು ಸ್ಪ್ರಿಂಗ್ ವಿಭಾಗದವಳು. ಅಲ್ಲಿಗೆ ತೀರ್ಮಾನವಾಯಿತು.

ಇದ್ದ ಹತ್ತು ಮಂದಿಯೂ ಗೋಲು ಕಾದರು, ಮಾನ್ಯರೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಒಬ್ಬಳು ತಪ್ಪಿದರೆ ಹಿಂದೆ ಇನ್ನೊಬ್ಬಳಿದ್ದಳು, ಅವಳು ಜಾರಿದರೆ ಮತ್ತೊಬ್ಬಳು ಕೋಲು ಅಡ್ಡವಿಟ್ಟಳು. ಪೆನಾಲ್ಟಿ ಕಾರ್ನರ್ ಬಂದಾಗ ನಿಯಮದ ಪ್ರಕಾರ ಐವರನ್ನು ಬಿಟ್ಟು ಉಳಿದವರೆಲ್ಲ ಮಧ್ಯದ ಗೆರೆಗೆ ಹೋಗಬೇಕಲ್ಲ, ಹೋದರು, ಚೆಂಡು ಹೊರಡುತ್ತಲೇ ಮನೆಯಲ್ಲಿ ಹಾಲು ಉಕ್ಕುತ್ತಿರುವವರಂತೆ ಓಡಿ ಬಂದರು. ಎಡಗಂಬ ಓಡಿದ್ದನ್ನು ನಾನು ಈ ಕಣ್ಣುಗಳಿಂದ ಕಂಡೆ. ಆರು ವರ್ಷಗಳಿಂದ ಎದುರಾಳಿಯ ಅಂಗಳದಲ್ಲಿಯೇ ನೆಲೆಸಿದ್ದ ನಮ್ಮ ಸೆಂಟರ್ ಫಾರ್ವರ್ಡ್ ಮೊದಲ ಸಲ ನಮ್ಮ ಬದಿಗೆ ಬಂದು, ಗೋಲನ್ನು ಈ ತುದಿಯಿಂದ ಆ ತುದಿಗೆ ನೋಡಿ, "ಅಯ್ಯೋ, ಇಷ್ಟೊಂದು ಅಗಲ ಇದೆಯಾ ಇದು?" ಅಂದಳಂತೆ. ಪಂದ್ಯ ಸೊನ್ನೆ ಸೊನ್ನೆಯಲ್ಲಿ ಮುಗಿಯಿತು. ಈ ಋತುವಿನಲ್ಲಿ ನಾವು ಪಡೆದಿರುವ ಒಂದೇ ಒಂದು ಅಂಕ ಅದು. ಆ ದಿನ ನಮಗೆ ಗೋಲ್‌ಕೀಪರೇ ಇರಲಿಲ್ಲ.

ಇದರಿಂದ ತಾವು ಏನನ್ನಾದರೂ ಕಲಿತಿರಬಹುದೆಂದು ನಾನು ಸೋಮವಾರ ಆಸೆಯಿಂದ ಬೋರ್ಡಿನ ಮುಂದೆ ನಿಂತೆ. ತಿದ್ದುಪಡಿ ಸುತ್ತೋಲೆ ಬಂದಿತ್ತು. ಹಿಂದಿನ ಸುತ್ತೋಲೆಯಲ್ಲಿ 'ಕಾಯತಕ್ಕದ್ದು' ಎಂದಿರುವುದನ್ನು 'ನಿರೀಕ್ಷಿಸತಕ್ಕದ್ದು' ಎಂದು ಓದಿಕೊಳ್ಳತಕ್ಕದ್ದು, ತಪ್ಪಾಗಿ ಅರ್ಥ ಮಾಡಿಕೊಂಡು ಆಡಿದವರಿಗೆ ಈ ಸಲ ಎಚ್ಚರಿಕೆ ಕೊಟ್ಟು ಬಿಡಲಾಗಿದೆ. ಎಷ್ಟು ಸ್ಪಷ್ಟವಾದ ಭಾಷೆ. ಅಂದಿನಿಂದ ತಂಡದಲ್ಲಿ ಯಾರಿಗೂ ಗೊಂದಲವಿಲ್ಲ. ಚೆಂಡು ನಮ್ಮ ಬದಿಗೆ ಬಂದಾಗ ಹತ್ತು ಮಂದಿಯೂ ನಿಂತಲ್ಲೇ ನಿಂತು, ಗೋಲಿನ ಕಡೆ ತಿರುಗಿ, ಹೊಸಬಳಿಂದ ನಿರೀಕ್ಷಿಸುತ್ತಾರೆ.

ತಮ್ಮ ಉದಾರತೆಯನ್ನು ನಂಬಿ ಕೆಲವು ಕೋರಿಕೆಗಳನ್ನು ಮುಂದಿಡುವ ಸಲುಗೆ ವಹಿಸುತ್ತೇನೆ. ಅವಳಿಗೆ ಇನ್ನೆರಡು ಕೈಗಳನ್ನು ಮಂಜೂರು ಮಾಡಿಸಬೇಕು, ಸಾಧ್ಯವಾದರೆ ಎಡಗಡೆಗೆ, ಹೆಚ್ಚು ಹೊಡೆತಗಳು ಅತ್ತಲಿಂದಲೇ ಬರುತ್ತವೆ. ಅದಾಗದಿದ್ದರೆ ಎದುರಾಳಿ ತಂಡಗಳಿಗೂ ತಮ್ಮ ಸುತ್ತೋಲೆಗಳನ್ನು ಕಳುಹಿಸಬೇಕು, ಒಂದೆರಡು ತಿಂಗಳು ಓದಿದರೆ ಅವರೂ ನಮ್ಮಂತೆಯೇ ಆಡತೊಡಗುತ್ತಾರೆಂಬ ಭರವಸೆ ನನಗಿದೆ. ಚೆಂಡನ್ನು ಮೈದಾನಕ್ಕೆ ಬಿಡುವ ಮೊದಲು ನನ್ನ ಗೇಟಿಗೆ ಕರೆತಂದು ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಯಾರನ್ನು ಕಾಣಬೇಕೆಂದು ವಿಚಾರಿಸಿದರೂ ಆಗಬಹುದು. ಗೋಲ್‌ಕೀಪರನ್ನು ಎಂದರೆ, ಅವರು ಊಟಕ್ಕೆ ಹೋಗಿದ್ದಾರೆ ಎಂದು ನಾನೇ ವಾಪಸು ಕಳುಹಿಸುತ್ತೇನೆ.

ತಮಾಷೆ ಸಾಕು. ನನಗೆ ಸಿಟ್ಟು ಬಂದಿದೆ, ಅಧ್ಯಕ್ಷರೇ, ಮತ್ತು ಅದರಲ್ಲಿ ಅರ್ಧ ನನ್ನ ಮೇಲೆಯೇ. ಒಂಬತ್ತು ವರ್ಷದ ಹಿಂದೆ ನನ್ನನ್ನೂ ಹೀಗೆಯೇ ಕರೆತಂದಿದ್ದಿರಿ, ಆಗಲೂ ಭಾಷಣವಾಗಿತ್ತು. ನನಗಿಂತ ಮೊದಲು ಗೋಲಿನಲ್ಲಿ ನಿಲ್ಲುತ್ತಿದ್ದವಳನ್ನು ಉಗ್ರಾಣಕ್ಕೆ ಕಳುಹಿಸಿದ್ದಿರಿ, ಅವಳು ಅಲ್ಲಿ ಎರಡು ವರ್ಷ ತುಕ್ಕು ಹಿಡಿದ ಬೀಗಗಳನ್ನು ಬೇರ್ಪಡಿಸುತ್ತಿದ್ದು ಆಮೇಲೆ ಬಿಟ್ಟು ಹೋದಳು. ಅವಳ ಪ್ಯಾಡುಗಳನ್ನು ಕಟ್ಟಿಕೊಂಡು ಮೈದಾನಕ್ಕಿಳಿಯುತ್ತಿದ್ದ ನಾನು ಒಂದು ದಿನವೂ ಅವಳ ಬಳಿ ಹೋಗಿ, ನಿಮಗೆ ಏನಾಯಿತು ಎಂದು ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ. ಅವಳು ಕೆಟ್ಟ ಗೋಲ್‌ಕೀಪರ್ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ನಂಬಿದರೆ ನನಗೆ ಅನುಕೂಲವಿತ್ತು. ತಲೆಗೆ ಹೆಲ್ಮೆಟ್ ಇರುವವಳ ಮೇಲೆ ಗೂಬೆ ಕೂರಿಸುವುದು ಬಹಳ ಸುಲಭ, ಕೂತದ್ದು ಅವಳಿಗೆ ಗೊತ್ತಾಗುವುದೇ ತಡವಾಗಿ.

ಹೊಸಬಳು ನನಗಿಂತ ಒಳ್ಳೆಯವಳು. ಮೊನ್ನೆ ಪಾಳಿ ಮುಗಿಸಿ ಹೊರಟವಳು ಗೇಟಿನಲ್ಲಿ ಸಹಿ ಹಾಕುವಾಗ ಪೆನ್ನು ಹಿಡಿಯಲಾರದೆ ಎಡಗೈಗೆ ಬದಲಾಯಿಸಿಕೊಂಡಳು. ಬಲ ಮುಂಗೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನಾನು ಕುರ್ಚಿ ಸರಿಸಿ ಕೂರು ಎಂದೆ, ಕೂರಲಿಲ್ಲ. ಮೈದಾನದ ಕಡೆ ನೋಡುತ್ತಾ, "ಅಕ್ಕ, ನೀವಿದ್ದಾಗಲೂ ಅವರು ಹೀಗೇ ನಿಂತಿರ್ತಿದ್ರಾ?" ಅಂದಳು. ಹೌದು ಎಂದೆ. "ಹಾಗಾದ್ರೆ ನಾನು ಅಷ್ಟೊಂದು ಕೆಟ್ಟದಾಗಿ ಆಡ್ತಿಲ್ಲ ಅಲ್ವಾ?" ಅಂದಳು. ಇಪ್ಪತ್ತಾರರಲ್ಲಿ ಇಪ್ಪತ್ತೊಂದನ್ನು ತಡೆದವಳು ಗೇಟು ಕಾಯುವವಳ ಬಳಿ ಬಂದು ಈ ಪ್ರಶ್ನೆ ಕೇಳುವ ಹಾಗೆ ಮಾಡಿದ್ದೀರಿ. ಆ ಮಾತನ್ನು ನಾನು ಒಂಬತ್ತು ವರ್ಷ ಯಾರನ್ನಾದರೂ ಕೇಳಬೇಕೆಂದುಕೊಂಡಿದ್ದೆ, ಕೇಳಲು ಯಾರೂ ಇರಲಿಲ್ಲ.

ಬರುವ ಭಾನುವಾರ ಕೊನೆಯ ಪಂದ್ಯ. ಎದುರಾಳಿ ಬಿಸ್ಕತ್ತು ಕಾರ್ಖಾನೆಯವರು, ಪಟ್ಟಿಯಲ್ಲಿ ನಮಗಿಂತ ಒಂದೇ ಮೆಟ್ಟಿಲು ಮೇಲಿದ್ದಾರೆ. ಗೆದ್ದರೆ ನಾವು ಕೊನೆಯಿಂದ ಎರಡನೆಯವರಾಗುತ್ತೇವೆ, ಅವಳ ಕೆಲಸ ಉಳಿಯುತ್ತದೆ. ಸೋತರೆ ಅಥವಾ ಸಮವಾದರೆ ಸೋಮವಾರ ಬೆಳಿಗ್ಗೆ ಅವಳ ಗುರುತಿನ ಚೀಟಿಯನ್ನು ಗೇಟಿನಲ್ಲಿ ಹಿಂದಕ್ಕೆ ಪಡೆಯುವುದು ನನ್ನ ಕರ್ತವ್ಯವಾಗುತ್ತದೆ. ಆ ಕರ್ತವ್ಯವನ್ನು ನಾನು ಮಾಡಲಾರೆ.

ಆದ್ದರಿಂದ ಒಂದು ವಿಷಯವನ್ನು ತಮ್ಮ ಗಮನಕ್ಕೆ ತರುತ್ತೇನೆ, ಇದು ಕೋರಿಕೆಯಲ್ಲ. ಎಡಗಂಬ ಭಾನುವಾರ ಊರಿನಲ್ಲಿರುವುದಿಲ್ಲವೆಂದು ರಜೆಯ ಚೀಟಿ ಬರೆದುಕೊಟ್ಟಿದ್ದಾಳೆ. ತಮ್ಮ ಭಾವಮೈದುನರು ಹತ್ತೇ ಮಂದಿಯನ್ನು ಎಣಿಸಿ ತಲೆ ಕೆರೆದುಕೊಂಡು, "ಪಟ್ಟಿಯಲ್ಲಿ ಹೆಸರಿರೋರು ಯಾರಾದ್ರೂ ಸರಿ, ಬಂದು ನಿಂತ್ಕೊಳ್ಳಿ" ಅಂದಿದ್ದಾರೆ. ಸಂಘಟಕರ ಬಳಿ ಇರುವ ಆಟಗಾರ್ತಿಯರ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕಲು ಸಮಿತಿ ಮರೆತಿದೆ, ಮರೆಯುವುದರಲ್ಲಿ ತಾವು ಎಂದೂ ನಮ್ಮ ಕೈಬಿಟ್ಟವರಲ್ಲ. ನನಗೆ ನಲವತ್ತೊಂದು ವರ್ಷ, ಬಲ ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಪ್ಯಾಡಿಲ್ಲದೆ, ಹೆಲ್ಮೆಟ್ಟಿಲ್ಲದೆ, ಬರೀ ಒಂದು ಕೋಲು ಹಿಡಿದು ಮೈದಾನಕ್ಕಿಳಿಯುತ್ತೇನೆ. ಅವಳ ಜಾಗಕ್ಕಲ್ಲ, ಅವಳ ಮುಂದೆ.

ಇಂತಿ, ತಮ್ಮಲ್ಲಿ ಅಲ್ಲದಿದ್ದರೂ ತಮ್ಮ ಗೋಲ್‌ಕೀಪರಲ್ಲಿ ಪೂರ್ಣ ವಿಶ್ವಾಸವಿಟ್ಟಿರುವ,
ತಮ್ಮ ವಿಶ್ವಾಸಿ,
ಸದ್ಯಕ್ಕೆ ಎಡ ಫುಲ್‌ಬ್ಯಾಕ್

ಮರೆತಿದ್ದು: ಭಾನುವಾರದ ಸೋಲಿನ ಪ್ರಕಟಣೆಯನ್ನು ತಾವು ಈಗಾಗಲೇ ಟೈಪ್ ಮಾಡಿಸಿಟ್ಟಿದ್ದೀರೆಂದು ಟೈಪಿಸ್ಟ್ ಹೇಳಿದಳು. ಗೆದ್ದರೆ ಏನು ಬರೆಯಬೇಕೆಂದು ಅವಳು ಕೇಳಿದ್ದಕ್ಕೆ, ಅದಕ್ಕೆ ನಮ್ಮಲ್ಲಿ ನಮೂನೆಯೇ ಇಲ್ಲ ಅಂದಿರಂತೆ. ಸೋಲಿನ ಪ್ರಕಟಣೆಯಲ್ಲಿ 'ಈ ವೈಫಲ್ಯಕ್ಕೆ ಕಾರಣರಾದ' ಎಂಬಲ್ಲಿಂದ ಮುಂದೆ ಹೆಸರಿಗೆ ಜಾಗ ಖಾಲಿ ಬಿಟ್ಟಿದೆಯಂತೆ. ಅಲ್ಲಿ ನನ್ನದನ್ನೇ ಹಾಕಿಕೊಳ್ಳಿ. ತಮ್ಮ ಕೈಗೆ ರೂಢಿಯಾಗಿದೆ, ಕಾಗುಣಿತ ತಪ್ಪುವುದಿಲ್ಲ.